ಅಪ್ಪನ ಬೆಡಗು ಹುಡುಕಿದ ಬೇಸಿಗೆ

ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ತಾವಿನ್ನೂ ಬದುಕಿದ್ದೇವೆ ಎಂದು ತೋರಿಸಿಕೊಂಡು ಬರಬೇಕು. ಈ ಸಲ ನಾನು ಹೋದಾಗ ಅಲ್ಲಿ ಯಾವುದೋ ಹಳೆಯ ಕೋಣೆ ಖಾಲಿ ಮಾಡುತ್ತಿದ್ದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳನ್ನು ತಂದು ತಂದು ವರಾಂಡದಲ್ಲಿ ಎಸೆಯುತ್ತಿದ್ದರು. ಒಂದು ಗಂಟು ಬಿಚ್ಚಿಕೊಂಡು ಗೆದ್ದಲು ತಿಂದ ಹಾಳೆ, ಒಣಗಿದ ಬೇವಿನೆಲೆ, ಇಲಿಯ ಹಿಕ್ಕೆ ಎಲ್ಲ ನೆಲಕ್ಕೆ ಚೆಲ್ಲಿತು. ಆ ವಾಸನೆ ಮೂಗಿಗೆ ಬಡಿದದ್ದೇ ಬೆಂಚಿನ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿದ್ದವರು, "ಬಿಸ್ಲು ತಡೀಲಿಲ್ವಾ ಮೇಡಂ?" ಎಂದು ಕೇಳಿದರು. ಹೂಂ ಅಂದೆ. ಬೇರೆ ಬಿಸಿಲು ಅದು, ಅವರಿಗೆ ಹೇಗೆ ಹೇಳಲಿ.

ಮೈಸೂರು ರಾಜ್ಯಕ್ಕೆ ಅತ್ತ ಕಡೆಯ ಕನ್ನಡ ಜಿಲ್ಲೆಗಳು ಬಂದು ಸೇರಿದ ಮರುವರ್ಷ. ನನಗೆ ಹದಿನೆಂಟೋ ಹತ್ತೊಂಬತ್ತೋ. ಮಿಡ್ಲ್ ಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಯಲಹಂಕದ ಹಳೇ ಪೇಟೆಯ ಆ ಮನೆಯಲ್ಲಿ ಇದ್ದವರು ಅಪ್ಪ, ಅಜ್ಜಿ, ನಾನು. ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್; ಬರುವ ಗಾಡಿಗೆ ಹಳಿ ಬದಲಿಸಿಕೊಡುವ ಕೆಲಸ. ನಮ್ಮದು ಬೇಸಾಯದವರ ಕೇರಿ, ಆದರೆ ನಮಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ಯಾಕೆಂದರೆ ಅಪ್ಪ ನಂಜಮ್ಮಜ್ಜಿ ಹೆತ್ತ ಮಗನಲ್ಲ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಮನೆಯೊಳಗೆ ಮಾತ್ರ ಯಾರೂ ಆಡುತ್ತಿರಲಿಲ್ಲ.

ಅಜ್ಜಿ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮಕ್ಕಳಿರಲಿಲ್ಲ. ಊರೂರು ಬರಿದು ಮಾಡಿದ ಆ ದೊಡ್ಡ ಜ್ವರದ ವರ್ಷ, ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಅವಳ ಜಗಲಿಯ ಮೇಲೆ ಒಂದು ಗಂಡು ಕೂಸು ಇತ್ತು. ಎತ್ತಿಕೊಂಡು ಒಳಗೆ ಹೋದಳು, ಸಿದ್ದಪ್ಪ ಎಂದು ಹೆಸರಿಟ್ಟಳು. ಮೈದುನಂದಿರು, "ಯಾರ್ದೋ ಏನೋ, ಇದಕ್ಕೆ ನಮ್ಮ ವಲ ಕೊಡಾಕಿಲ್ಲ" ಎಂದರು. ಅಜ್ಜಿ ಹೊಲ ಬಿಟ್ಟಳು, ಕೂಸು ಬಿಡಲಿಲ್ಲ. ಹೂವು ಕಟ್ಟಿ, ಎಮ್ಮೆ ಸಾಕಿ ಅಪ್ಪನನ್ನು ದೊಡ್ಡವರನ್ನಾಗಿ ಮಾಡಿದಳು.

ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ನೋಡಲು ಹೆಬ್ಬಾಳದಿಂದ ಬಂದರು. ಹುಡುಗನ ಹೆಸರು ಕೃಷ್ಣಪ್ಪ. ದ್ರಾಕ್ಷಿ ತೋಟವಿದ್ದ ಮನೆ. ದೊಡ್ಡವರೆಲ್ಲ ಮಾತಿಗೆ ಕೂತಿದ್ದಾಗ ನಮ್ಮ ಕರು ಹಗ್ಗ ಕಿತ್ತುಕೊಂಡು ಬೀದಿಗೆ ಓಡಿತು. ಆತ ಹೊಸ ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು ಹಿಂದೆಯೇ ಓಡಿ, ಹಿಡಿದು ತಂದು ಗೂಟಕ್ಕೆ ಬಿಗಿದು, ಏನೂ ಆಗದವನಂತೆ ಬಂದು ಕೂತ. ಕೆಸರಾದ ಆ ಪಂಚೆಯನ್ನು ಕಂಡು ನನಗೆ ನಗು ಬಂತು. ಅಷ್ಟಕ್ಕೇ ನನ್ನ ಮನಸ್ಸು ಒಪ್ಪಿಬಿಟ್ಟಿತು.

ಕೃಷ್ಣಪ್ಪನ ದೊಡ್ಡಪ್ಪ ಪಿಳ್ಳಪ್ಪನವರು ಎಲೆಗೆ ಸುಣ್ಣ ಸವರುತ್ತಾ ಅಪ್ಪನನ್ನು ಕೇಳಿದರು, "ನಿಮ್ದು ಯಾವ ಬೆಡಗು?"

ಬೆಡಗು ಅಂದರೆ ನಮ್ಮವರಲ್ಲಿ ಕುಲದ ಕವಲು. ಒಂದೇ ಬೆಡಗಿನವರು ಒಡಹುಟ್ಟಿದವರ ಲೆಕ್ಕ, ಮದುವೆಯಾಗುವಂತಿಲ್ಲ. ಅಜ್ಜಿಯ ಬೆಡಗು ಬೇರೆ; ಹೆಬ್ಬಾಳದವರದು ಅತ್ತಿ ಬೆಡಗು. ಅತ್ತಿ ಮರ ಕಡಿಯುವುದಿಲ್ಲ, ಅದರ ಸೌದೆ ಉರಿಸುವುದಿಲ್ಲ.

ಅಪ್ಪ ತಲೆ ತಗ್ಗಿಸಿ, "ಗೊತ್ತಿಲ್ಲ ಸ್ವಾಮಿ" ಎಂದರು. ಇದ್ದದ್ದನ್ನು ಇದ್ದಹಾಗೆ ಹೇಳಿದರು.

ಪಿಳ್ಳಪ್ಪನವರು ಒಳ್ಳೆಯವರೇ. ಎಲೆ ಮಡಿಸಿ ಕೈಯಲ್ಲೇ ಹಿಡಿದುಕೊಂಡು, "ಉಡ್ಗಿನ ನಾವು ಒಪ್ಪಿದೀವಿ. ನೀವು ಓಗಿ ಇಚಾರ್ಸ್ಕಂಡ್ ಬನ್ನಿ. ಏನೂ ಸಿಗ್ದಿದ್ರೆ ನಂಜಮ್ಮನೋರ ಬೆಡಗೇ ನಿಮ್ದು ಅಂತ ತಿಳ್ಕಂಡು ಮುಂದಕ್ಕೋಗಣ. ಏನಾನ ಸಿಕ್ತು ಅಂದ್ರೆ ಮಾತ್ರ ಮುಚ್ಚಿಡ್ಬೇಡಿ. ಯುಗಾದಿಗಂಟ ಕಾಯ್ತೀವಿ" ಎಂದು ಎದ್ದರು.

ಹೀಗೆ ಶುರುವಾಯಿತು ನಮ್ಮ ಅಲೆದಾಟ. ಅಪ್ಪನಿಗೆ ಅಕ್ಷರ ಕಷ್ಟ, ಅದಕ್ಕೆ ನಾನೂ ಜೊತೆಗೆ. ರಾತ್ರಿ ಪಾಳಿ ಮುಗಿಸಿ ಬಂದು, ಮುಖ ತೊಳೆದು, ಮುದ್ದೆ ಉಂಡು, ಕೆಂಪು ಕಣ್ಣಿನಲ್ಲೇ ಅಪ್ಪ ಹೊರಡುತ್ತಿದ್ದರು. ಅಜ್ಜಿ ಊಟ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು. ಒಂದು ದಿನ ನಾನೇ ಕೇಳಿದೆ, ಕೂಸು ಸಿಕ್ಕಿದ ದಿನ ಏನೇನಾಯಿತು ಹೇಳಜ್ಜಿ ಎಂದು.

"ಏನ್ ಏಳ್ಲಿ. ಬಾಗ್ಲು ತೆಗೆದೆ, ಇತ್ತು. ಅಳ್ತಾನೂ ಇರ್ನಿಲ್ಲ. ನನ್ ಮಕ ನೋಡ್ತು. ಎತ್ಕಂಡೆ. ನಿಮ್ಗೆ ಇನ್ನೇನ್ ಬೇಕು?" ಎಂದಳು. ಆಮೇಲೆ ಒಲೆಯ ಕಡೆ ತಿರುಗಿ, "ಸಾಕಿದ್ದು ಸಾಲ್ದೇ ಓಯ್ತು" ಎಂದು ತನಗೆ ತಾನೇ ಅಂದುಕೊಂಡಳು. ಅಪ್ಪ ಅದನ್ನು ಕೇಳಿಸಿಕೊಂಡರು. ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

ಮೊದಲು ಹೋದದ್ದು ಬೆಂಗಳೂರಿನ ಕಚೇರಿಗೆ. ಜನನ ಮರಣದ ಹಳೆಯ ಪುಸ್ತಕಗಳು ಅಲ್ಲಿರುತ್ತವೆ ಎಂದು ಯಾರೋ ಹೇಳಿದ್ದರು. ಸಾಹೇಬರಿಲ್ಲ ನಾಳೆ ಬನ್ನಿ, ಬೀಗದ ಕೈ ಇಟ್ಟುಕೊಂಡವರು ರಜೆ, ಅರ್ಜಿ ಬರೆದು ಕೊಡಿ ಎಂದು ಎಷ್ಟೋ ಸಲ ವಾಪಸು ಕಳಿಸಿದರು. ಅಪ್ಪ ವರಾಂಡದ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಕೊನೆಗೆ ಒಳಗೆ ಬಿಟ್ಟ ದಿನ, ಗುಮಾಸ್ತರು ಒಂದು ಗಂಟು ಬಿಚ್ಚಿ ನನ್ನ ಮುಂದೆ ಇಟ್ಟರು. ಆವತ್ತೇ ಆ ವಾಸನೆ ನನ್ನ ಮೂಗಿಗೆ ಹತ್ತಿದ್ದು.

ಬಹಳ ಆಸೆಯಿಂದ ಹಾಳೆ ತಿರುವಿದೆ. ಜ್ವರ ಬರುವ ಮೊದಲು ಒಬ್ಬೊಬ್ಬರ ಹೆಸರು, ತಂದೆಯ ಹೆಸರು, ಊರು, ಎಲ್ಲ ದುಂಡಗೆ ಬರೆದಿದ್ದರು. ಜ್ವರದ ತಿಂಗಳು ಬಂದಂತೆ ಅಕ್ಷರ ಸೊಟ್ಟಗಾಗಿ, ಹೆಸರು ಹೋಗಿ, ಬರೀ ಗಂಡು, ಹೆಣ್ಣು, ಕೂಸು ಎಂದಷ್ಟೇ ಉಳಿದಿತ್ತು. ಆಮೇಲೆ ಖಾಲಿ ಹಾಳೆಗಳು.

"ಯಾಕೆ ಸರ್ ಬರ್ದಿಲ್ಲ?" ಎಂದೆ.

"ಬರೆಯೋರೂ ಹೋಗಿರ್ತಾರಲ್ಲಮ್ಮ" ಎಂದರು ಗುಮಾಸ್ತರು, ನನ್ನ ಮೇಲೆ ಕರುಣೆಯಿಂದಲೇ.

ಆಮೇಲೆ ಹಳ್ಳಿ ಹಳ್ಳಿಯ ಶಾನುಭೋಗರನ್ನು ಕಂಡೆವು. ಒಬ್ಬರು ತಮ್ಮ ತಂದೆಯ ಕಾಲದ ಪುಸ್ತಕಗಳು ಮಳೆಗೆ ನೆನೆದು ಹೋದವು ಎಂದರು. ಇನ್ನೊಬ್ಬರು ಒಳಗಿನಿಂದಲೇ ಇಲ್ಲ ಎನ್ನಿಸಿದರು. ಜಗಲಿಯ ಮೇಲಿನ ಮುದುಕರನ್ನು ಕೇಳಿದರೆ, ಎಲ್ಲರ ಮನೆಯಲ್ಲೂ ಆ ವರ್ಷ ಸತ್ತವರಿದ್ದರು. ತಮ್ಮ ತಮ್ಮವರ ಕತೆ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾವು ಕೇಳಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದೆವು. ಶಿವರಾತ್ರಿ ಹೊತ್ತಿಗೆ ಬಿಸಿಲು ನೆತ್ತಿಯ ಮೇಲೆ ಕೂತಿತ್ತು. ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ ಹುರಿಯಿಂದ ಕಟ್ಟಿಕೊಂಡಿದ್ದೆ. ಏನೂ ಸಿಗದಿದ್ದರೂ ಮದುವೆ ನಡೆಯುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಒಂದೊಂದು ಊರಿನಿಂದ ಬರಿಗೈಯಲ್ಲಿ ಬಂದಾಗಲೂ ನನಗೆ ಒಳಗೊಳಗೇ ಸಮಾಧಾನ. ಅಪ್ಪನ ಮುಖ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋಗುತ್ತಿತ್ತು. ಅಪ್ಪ ಹುಡುಕುತ್ತಿರುವುದು ನನ್ನ ಮದುವೆಗಾಗಿ ಅಲ್ಲ ಎಂದು ನನಗೆ ಅರ್ಥವಾಗಲು ಅಷ್ಟು ದಿನ ಹಿಡಿಯಿತು.

ಹುಣಸಮಾರನಹಳ್ಳಿಗೆ ಹೆಳವ ಬಂದಿದ್ದಾನೆ ಎಂದು ಸ್ಟೇಷನ್ನಿನಲ್ಲಿ ಯಾರೋ ಅಪ್ಪನಿಗೆ ಹೇಳಿದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿಕೊಂಡು ಹೆಳವರು ಬರುತ್ತಿದ್ದರು. ತಲೆತಲಾಂತರದಿಂದ ಅವರಿಗೆ ಹಂಚಿಕೆಯಾದ ಮನೆಗಳಿರುತ್ತವೆ. ಆ ಮನೆಗಳ ಹಿರಿಯರ ಹೆಸರನ್ನೆಲ್ಲ ಬಾಯಲ್ಲೇ ಹಾಡಿ, ಕಾಳು ಬಟ್ಟೆ ಪಡೆದು ಹೋಗುತ್ತಾರೆ.

ನಾವು ಹೋದಾಗ ಆತ ಒಂದು ಮನೆಯ ಮುಂದೆ ಹಾಡಿ ಮುಗಿಸಿ, ಹುಣಸೆ ಮರದ ನೆರಳಿನಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ. ವಯಸ್ಸಾದ ಮನುಷ್ಯ, ಗಂಟಲು ಕಟ್ಟಿತ್ತು. ಅಪ್ಪ ತಮ್ಮ ಕತೆ ಹೇಳಿದರು. ಹೆಳವ ಬೇಕೋ ಬೇಡವೋ ಎಂಬಂತೆ ಕೇಳಿಸಿಕೊಂಡ.

"ಆ ಜ್ವರದಾಗೆ ಮುಚ್ಚೋದ ಮನೆಗಳು ಬೋ ಅವೆ. ಯಾವ್ದಂತ ಏಳ್ಲಿ?"

"ಗಂಡ ಎಂಡ್ರು ಇಬ್ರೂ ಓಗಿ, ಗಂಡು ಕೂಸು ಉಳ್ದಿದ್ದು?" ಎಂದರು ಅಪ್ಪ.

ಹೆಳವ ಕಣ್ಣು ಮುಚ್ಚಿ, ತುಟಿಯಲ್ಲೇ ಏನೇನೋ ಹೇಳಿಕೊಳ್ಳುತ್ತಾ ಹೋದ. ಎತ್ತು ನೀರು ಕುಡಿದು ಮುಗಿಸಿತು. ಆಮೇಲೆ ಆತ ಕಣ್ಣು ತೆರೆದು, "ಇಲ್ಲಿಂದಾಚ್ಗೆ ಒಂದು ಅಟ್ಟಿ ಇತ್ತು, ಈಗಿಲ್ಲ. ಅಲ್ಲಿ ಚಿಕ್ಕಣ್ಣ ಅಂತ. ಗಂಡ ಎಂಡ್ತಿ ಒಂದೇ ವಾರದಾಗೆ ಓದ್ರು. ಎಲ್ಡು ಮಕ್ಳು. ಎಣ್ಣು ದೊಡ್ದು, ಮುನಿಯಮ್ಮ. ಕೂಸ ಎತ್ಕಂಡು ಸೋದರಮಾವನ ಊರ್ಗೆ ನಡ್ಕಂಡೋಯ್ತು. ದಾರಿನಾಗೆ ಯಲಂಕದತ್ರ ಕೂಸು ತೀರ್ಕಂತು. ಎಣ್ಣ ಮಾವ ಸೋಲದೇವನಳ್ಳಿ ಕಡೀಕೆ ಕೊಟ್ಟು ಮದ್ವೆ ಮಾಡ್ದ. ಅಲ್ಗೆ ಆ ವಂಸ ನಿಂತೋಯ್ತು" ಎಂದ.

"ಯಾವ ಬೆಡಗು?" ನಾನು ಕೇಳಿದೆ.

"ಅತ್ತಿ ಬೆಡಗು ಕಣವ್ವ."

ಹೆಬ್ಬಾಳದವರದೂ ಅದೇ. ಅಪ್ಪ ಹೆಳವನಿಗೆ ತಮ್ಮ ಹೆಗಲ ಮೇಲಿದ್ದ ಟವೆಲನ್ನೇ ಕೊಟ್ಟು ಕೈ ಮುಗಿದು ಹೊರಟರು. ಊರು ಹತ್ತಿರ ಬಂದಾಗ, "ಅದು ನಾನಲ್ಲ ಬಿಡು. ಕೂಸು ತೀರ್ಕಂತು ಅಂತ ಅವ್ನೇ ಅಂದ್ನಲ್ಲ" ಎಂದರು. ಹೌದು ಅಂದೆ.

ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಏನೂ ಸಿಗಲಿಲ್ಲ ಎಂದು ಹೆಬ್ಬಾಳಕ್ಕೆ ಹೇಳಿ ಕಳಿಸಿದ್ದರೆ ಯುಗಾದಿ ಕಳೆದು ನನ್ನ ಮದುವೆ. ಕೂಸು ಸತ್ತಿತು ಎಂದು ಹೇಳಿದವಳು ಆ ಹುಡುಗಿಯೊಬ್ಬಳೇ ಎಂಬುದು ನನಗೆ ಹೊಳೆದಿತ್ತು. ಅಪ್ಪನಿಗೂ ಹೊಳೆದಿತ್ತೆಂದು ಸಂತೆಯ ದಿನ ಗೊತ್ತಾಯಿತು. ತರಕಾರಿ ಕೊಳ್ಳುವುದು ಬಿಟ್ಟು ಅಪ್ಪ, ವಯಸ್ಸಾದ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನಿಂತು ನೋಡುತ್ತಿದ್ದರು. ಸೊಪ್ಪಿನವಳು ಸಿಟ್ಟಾಗಿ, "ಏನ್ ಅಂಗ್ ನೋಡ್ತೀಯ ಯಜಮಾನ?" ಎಂದಳು. ಅಪ್ಪ ಬೆಚ್ಚಿ ಪಕ್ಕಕ್ಕೆ ಸರಿದರು.

ನನಗೆ ನೋಡಲಾಗಲಿಲ್ಲ. "ಅಪ್ಪ, ಹೋಗಿ ನೋಡ್ಕಂಡ್ ಬಂದ್ಬಿಡಾಣ" ಎಂದೆ.

"ಓದ್ರೆ ನಿನ್ ಮದ್ವೆ ನಿಂತೋಯ್ತದೆ ಮಗ."

"ಗೊತ್ತು."

ಇದನ್ನು ಕೇಳಿದವರು ಎಷ್ಟು ದೊಡ್ಡ ತ್ಯಾಗ ಎನ್ನುತ್ತಾರೆ. ತ್ಯಾಗ ಏನೂ ಅಲ್ಲ. ದಣಿದುಹೋಗಿದ್ದೆ. ಅಪ್ಪನ ಆ ಮುಖವನ್ನು ಎದುರಿಗಿಟ್ಟುಕೊಂಡು ಹಸೆಮಣೆಯ ಮೇಲೆ ಕೂರುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಯಶವಂತಪುರದಲ್ಲಿ ಗಾಡಿ ಬದಲಿಸಿ, ಸೋಲದೇವನಹಳ್ಳಿ ಕಡೆ ಇಳಿದು, ಕೇಳಿಕೊಂಡು ನಡೆದೆವು. ಹೊಲದ ನಡುವೆ ಒಂದು ಸಣ್ಣ ಊರು. ಮುನಿಯಮ್ಮನ ಮನೆ ಎಂದರೆ ತಕ್ಷಣ ತೋರಿಸಿದರು. ಅಂಗಳದಲ್ಲಿ ಒಬ್ಬ ಹೆಂಗಸು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ನಮ್ಮ ನೆರಳು ಬಿದ್ದದ್ದಕ್ಕೆ ತಲೆ ಎತ್ತಿದಳು. ಅಪ್ಪನನ್ನು ನೋಡಿದಳು. ಎತ್ತಿದ ಕಲ್ಲು ಕೈಯಲ್ಲೇ ಉಳಿಯಿತು.

"ಇವತ್ತು ಡೂಟಿ ಇಲ್ವಾ?" ಎಂದಳು.

ಅಪ್ಪ, "ರಜ ಆಕಿದೀನಿ" ಎಂದರು. ಆಮೇಲೆ ಹುಣಸೆಬೀಜದ ರಾಶಿಯ ಪಕ್ಕದಲ್ಲೇ ನೆಲಕ್ಕೆ ಕೂತರು.

ಅವಳಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು. ಯಲಹಂಕ ಸಂತೆಗೆ ಹುಣಸೆಹಣ್ಣು ಹೊತ್ತುಕೊಂಡು ಬರುತ್ತಿದ್ದಳಂತೆ. ಮಾರಿ ಮುಗಿದ ಮೇಲೆ ಸ್ಟೇಷನ್ನಿನ ಬೇಲಿಯ ಹತ್ತಿರ ನಿಂತು ಅಪ್ಪ ಬಾವುಟ ಹಿಡಿದಿರುವುದನ್ನು ನೋಡಿಕೊಂಡು ಹೋಗುತ್ತಿದ್ದಳಂತೆ.

"ನಿನ್ ಮದ್ವೆಗೂ ಬಂದಿದ್ದೆ. ಎಲ್ರ ಜೊತೇಲಿ ಕುಂತು ಉಂಡ್ಕಂಡು ಬಂದೆ. ಪಾಯ್ಸ ಬೋ ಚೆನ್ನಾಗಿತ್ತು" ಎಂದು ಅಳತೊಡಗಿದಳು.

ಅಳುವಿನ ನಡುವೆ ಆ ದಿನದ ಕತೆ ಬಂತು. ತನ್ನ ಅಪ್ಪ ಅಮ್ಮನನ್ನು ಊರವರು ಒಂದೇ ಗುಂಡಿಗೆ ಹಾಕಿದ್ದು. ತಾನಿನ್ನೂ ಸಣ್ಣ ಹುಡುಗಿ, ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಡೆದದ್ದು. ಯಲಹಂಕದಲ್ಲಿ ಒಂದು ಮನೆಯ ಮುಂದೆ ಎಮ್ಮೆ ಕಟ್ಟಿದ್ದು ಕಾಣಿಸಿತು. ಈ ಮನೆಯಲ್ಲಿ ಹಾಲಿರುತ್ತದೆ ಎಂದು ಕೂಸನ್ನು ಜಗಲಿಯ ಮೇಲೆ ಮಲಗಿಸಿದಳು. ಬೀದಿಯಾಚೆ ಬಣವೆಯ ಹಿಂದೆ ಅಡಗಿ ಕೂತು, ಬಾಗಿಲು ತೆಗೆಯುವವರೆಗೂ ಕಾದಳು. ಆ ಹೆಂಗಸು ಎತ್ತಿಕೊಂಡು ಒಳಗೆ ಹೋದದ್ದನ್ನು ನೋಡಿದ ಮೇಲೆ ಎದ್ದು ನಡೆದಳು.

"ಮಾವಂಗೆ ದಾರಿನಾಗೆ ಸತ್ತೋದ ಅಂದೆ. ಬದುಕವ್ನೆ ಅಂದಿದ್ರೆ ಓಗಿ ಕರ್ಕಂಡ್ ಬರ್ತಿದ್ದ. ಮಾವನ ಮನೇಲೂ ಉಣ್ಣಾಕಿರ್ನಿಲ್ಲ. ಅಲ್ಲಿದ್ರೆ ಆಲು ಕುಡ್ಕಂಡಾದ್ರೂ ಇರ್ತಾನೆ ಅಂತ."

ಅಪ್ಪ ಅವಳ ಕೈ ಹಿಡಿದುಕೊಂಡು ಕೂತಿದ್ದರು. ಹುಣಸೆಯ ಅಂಟಿನಿಂದ ಇಬ್ಬರ ಕೈಯೂ ಕಪ್ಪಾಗಿತ್ತು. ನಾವು ಯಾಕೆ ಹುಡುಕಿಕೊಂಡು ಬಂದೆವು ಎಂಬುದನ್ನು ನಾನೇ ಹೇಳಬೇಕಾಯಿತು. ಹೆಬ್ಬಾಳದವರೂ ಅತ್ತಿ ಬೆಡಗಿನವರು ಎಂದಾಗ ಅತ್ತೆ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು.

"ಅಂಗಾದ್ರೆ ನೀವು ಇಲ್ಲಿಗ್ ಬಂದೇ ಇಲ್ಲ. ಕೂಸು ಸತ್ತೋಯ್ತು ಅಂತ ನಾನು ಯಾವತ್ತೋ ಏಳಿ ಆಗದೆ. ಇನ್ಮೇಲೂ ಅಂಗೇ ಏಳ್ತೀನಿ. ಇಷ್ಟು ವರ್ಸ ಇರ್ನಿಲ್ವಾ ನಾನು? ಉಡ್ಗಿ ಮದ್ವೆ ಮಾಡು ಓಗು" ಎಂದಳು ಅಪ್ಪನಿಗೆ.

ಅಪ್ಪ ನನ್ನ ಕಡೆ ನೋಡಿದರು. ಬೇಡುತ್ತಿದ್ದರೋ, ಬಿಟ್ಟುಕೊಡುತ್ತಿದ್ದರೋ, ಆ ನೋಟದಲ್ಲಿ ನನಗೆ ತಿಳಿಯಲಿಲ್ಲ. ನಾನು ಅತ್ತೆಗೆ, "ಯುಗಾದಿಗೆ ನಮ್ಮನೆಗೆ ಬಂದ್ಬಿಡು ಅತ್ತೆ" ಎಂದಷ್ಟೇ ಹೇಳಿದೆ.

ಹೆಬ್ಬಾಳಕ್ಕೆ ಹೋಗಿ ಪಿಳ್ಳಪ್ಪನವರಿಗೆ ಎಲ್ಲವನ್ನೂ ಹೇಳಿದೆವು. ಅವರು ಬಹಳ ನೊಂದುಕೊಂಡರು. "ಮುಚ್ಚಿಡ್ಬೇಡಿ ಅಂತ ನಾನೇ ಅಂದಿದ್ದೆ. ಯಾಕಾರ ಅಂದ್ನೋ" ಎಂದು ತಮ್ಮನ್ನೇ ಬೈದುಕೊಂಡರು. ಊಟ ಮಾಡಿಸದೆ ಕಳಿಸಲಿಲ್ಲ. ಕೃಷ್ಣಪ್ಪ ಸೈಕಲ್ ತಳ್ಳಿಕೊಂಡು ಕೆರೆಯ ಏರಿಯವರೆಗೂ ನಮ್ಮ ಜೊತೆ ಬಂದ. ಅಪ್ಪ ಸ್ವಲ್ಪ ಮುಂದೆ ಹೋದರು.

"ಇನ್ಮೇಲೆ ನಾನು ನಿಮ್ಗೆ ಅಣ್ಣ ಆಗ್ಬೇಕಂತೆ" ಎಂದು ನಗಲು ನೋಡಿದ. ಆಗಲಿಲ್ಲ. ನನಗೂ ಆಗಲಿಲ್ಲ. ಸೈಕಲ್ಲಿನ ಬೆಲ್ಲನ್ನು ಬೆರಳಲ್ಲಿ ಮುಟ್ಟಿ, ಬಾರಿಸದೆ, ತಿರುಗಿಸಿಕೊಂಡು ಹೋದ. ಆ ಏರಿಯ ಮೇಲೆ ಯಲಹಂಕದ ಕಡೆ ನಡೆದದ್ದು ನನ್ನ ಜೀವಮಾನದಲ್ಲೇ ಉದ್ದನೆಯ ದಾರಿ. ಮುಂದೆ ನಾನು ಟ್ರೇನಿಂಗು ಮಾಡಿ ಸ್ಕೂಲಿನಲ್ಲಿ ಪಾಠ ಹೇಳಿದೆ, ತಡವಾಗಿ ಮದುವೆಯೂ ಆಯಿತು. ಆದರೂ ಆ ದಾರಿಯಲ್ಲಿ ಬಸ್ಸು ಹೋಗುವಾಗ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಇಷ್ಟೆಲ್ಲ ಆದರೂ ಅಜ್ಜಿಗೆ ಹೇಳುವುದು ಬಾಕಿಯಿತ್ತು. ಅದನ್ನೂ ಅಪ್ಪ ನನಗೇ ಬಿಟ್ಟರು. ನಾನು ಹೇಳಿದೆ. ಅಜ್ಜಿ ಹೂವು ಕಟ್ಟುತ್ತಿದ್ದಳು. ಮಾಲೆ ಮುಗಿಯುವವರೆಗೂ ಕಟ್ಟಿ, ತುದಿಗೆ ಗಂಟು ಹಾಕಿ, "ಬರ್ತಾಳಾ?" ಎಂದು ಕೇಳಿದಳು. ಯುಗಾದಿಗೆ ಎಂದೆ. ಇನ್ನೊಂದು ದಾರ ಎತ್ತಿಕೊಂಡಳು.

ಹಬ್ಬದ ಬೆಳಿಗ್ಗೆ ಅತ್ತೆ ಬಂದಳು. ಬೀದಿಯ ಆ ಬದಿಯಲ್ಲೇ ನಿಂತುಬಿಟ್ಟಳು. ಒಗೆದ ಸೀರೆ, ಕಂಕುಳಲ್ಲಿ ಒಂದು ಪುಟ್ಟ ಗಂಟು. ಅಪ್ಪ ಕರೆದರೂ ಹೆಜ್ಜೆ ಮುಂದಿಡಲಿಲ್ಲ. ಅಜ್ಜಿ ಕಂಬ ಹಿಡಿದುಕೊಂಡು ಜಗಲಿಯ ಅಂಚಿಗೆ ಬಂದಳು. ಕಣ್ಣು ಮಂಜಾಗಿತ್ತು ಅವಳಿಗೆ. ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಆವತ್ತು ಕೂಸ ಬಿಟ್ಟೋದೋಳು ನೀನೇನಾ?"

"ಊಂ ಅವ್ವ" ಎಂದಳು ಅತ್ತೆ.

ಅಪ್ಪ ಇಬ್ಬರ ನಡುವೆ ಬೀದಿಯಲ್ಲಿ ನಿಂತಿದ್ದರು. ಅಜ್ಜಿ ಏನೆಂದು ಬೈಯುತ್ತಾಳೋ, ಏನೆಂದು ಕೇಳುತ್ತಾಳೋ ಎಂದು ನಾನು ಕಾಯುತ್ತಿದ್ದೆ. ಅಜ್ಜಿ ಒಂದೊಂದೇ ಮೆಟ್ಟಿಲಿಳಿದು, ಬೀದಿ ದಾಟಿ, ಅತ್ತೆಯ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದಳು.

"ಒಂದ್ಸಲ ಬಾಗ್ಲು ತಟ್ಟಬಾರ್ದಿತ್ತೇನೇ ನನ್ ಕಂದ?" ಎಂದಳು. "ನಿನ್ನೂ ಇಟ್ಕಂತಿದ್ನಲ್ಲೇ."